ವೀರವ್ವನ ಸೀಟಿಗೆ ಬಿಸಿಗಾಳಿ

ಹಾನಗಲ್ಲ
18 ನವೆಂಬರ್ 2024

ಹಂಸಭಾವಿಯಲ್ಲಿರುವ ಅಂಕಿತಾಗ,

ಗಾಬರಿ ಆಗಬ್ಯಾಡ. ನಿಮ್ಮವ್ವಗ ಹೊಸದೇನೂ ಆಗಿಲ್ಲ. ಕೆಟ್ಟಿದ್ದು ಕಾರು.

ಮೊದಲ ಒಂದು ಮಾತು ಖುಲಾಸ ಆಗಲಿ. ಹಂಸಭಾವಿ ಕೇರಿಯ ಹುಡುಗನ ಕೈ ಹಿಡಿದು, ಬುದ್ಧನ ಪಟದ ಮುಂದ ಮಾಲಿ ಬದಲಿಸಿ ನೀ ಬಂದು ಈ ಅಂಗಳದಾಗ ನಿಂತ ದಿವಸ, ಬಳಗದವರೆಲ್ಲರ ಎದುರು, ಕೊರಳಿನ ಲಿಂಗ ಕೈಯಾಗ ಹಿಡಕೊಂಡು ನಾನು ಆಣೆ ಮಾಡಿದೆ. "ಈ ಬಾಯಿ ಇನ್ನ ಮ್ಯಾಲ ಆ ಮಗಳ ಕೂಡ ಮಾತಾಡೂದಿಲ್ಲ! ಈ ಕಾಲು ಆ ಮನಿ ಹೊಸ್ತಿಲಾ ತುಳಿಯೂದಿಲ್ಲ!" ಓಣಿಯ ಕಡೀ ಮನಿಯವರೂ ಬಾಗಲಿಗೆ ಬಂದು ನಿಂತರು. ಮೈಕಿಲ್ಲದ ಅಷ್ಟು ದೂರ ಮುಟ್ಟೂ ಗಂಟಲು ಈ ತಾಲೂಕಿನ್ಯಾಗ ನನ್ನದೊಂದ. ಆದರ ನೋಡು, ಆಣೆ ಬಾಯಿದು, ಆಣೆ ಕಾಲಿಂದು. ಕೈ ಹೆಸರು ಅದರಾಗ ಬಂದಿಲ್ಲ. ಅದಕ್ಕ ಬರಿಯಾಕತ್ತೇನಿ.

ಈಗ ಪರದೆ ಸರಿಯಿತು ಅನ್ನು! ನಸುಕು. ಮಂಜು. ಹುಬ್ಬಳ್ಳಿ ದಾರಿ. ನಮ್ಮ ಬಿಳೇ ಕಾರು. ಸಾರಥಿ ನಾನು. ಎಡಕ್ಕ ನಿಮ್ಮವ್ವ ವೀರವ್ವ, ಎರಡು ಶಾಲು, ಒಂದು ಕಂಬಳಿ, ಕಿವಿ ಮುಚ್ಚೂ ಟೊಪಗಿ. ವಾರಕ್ಕ ಮೂರು ಸಲ ರಕ್ತ ತೊಳಸಾಕ ಹೋಗೂ ಸವಾರಿ ಇದು. ಬರುವಾಗ ಮಧ್ಯಾಹ್ನದ ಬಿಸಿಲು ಗಾಜು ಸುಡತಿರತೈತಿ, ಅಕಿ ಮಾತ್ರ ನಡಗತಾಳ. "ಎಲುಬಿನೊಳಗ ಯಾರೋ ಐಸ್ ತುಂಬಿದಂಗ ಆಗತೈತ್ರಿ" ಅಂತಾಳ. ನಾನು ಹಳೇ ನಾಟಕದ ಮಾತು ಹೇಳಿ ನಗಸಾಕ ನೋಡ್ತೇನಿ. ನಗತಾಳ. ನಗುವಾಗ ಹಲ್ಲು ಕಟಕಟ ಬಡಕೋತಾವು. ನನಗ ಕೇಳಸಬಾರದಂತ ಬಾಯಿಗೆ ಸೆರಗು ಹಿಡೀತಾಳ.

ಹೀಟರ್ ಹಚ್ಚಿದರ ಬರೂದು ತಣ್ಣನ್ನ ಗಾಳಿ. ಸವಣೂರಿಂದ ಬಂದು ಇಲ್ಲಿ ಗ್ಯಾರೇಜ್ ಹಾಕ್ಯಾನಲ್ಲ, ಆ ನಾಸೀರನ ಕೇಳಿದೆ.

"ಕರಿಬಸಣ್ಣಾ, ನಮ್ಮ ಊರಾಗ ಹೀಟರ್ ಯಾಕ್ರೀ? ಹೊರಗ ಬಿಸಿಲು ಕಮ್ಮಿ ಬಿದ್ದೈತೇನ್ರಿ?" ಅಂದ. ಆಮ್ಯಾಲ ನೆನಪು ಮಾಡಿಕೊಟ್ಟ. ಹಿಂದೊಮ್ಮಿ ಎಡಗಡೆ ಕಾಲು ಇಡೂ ಚಾಪಿ ಹಸೀ ಆಗತಿತ್ತು, ಕಾರ್ ತುಂಬ ಬೆಲ್ಲದ ಪಾಕದ ವಾಸನಿ ಹೊಡೀತಿತ್ತು. ಒಳಗಿನ ಹೀಟರ್ ಕಾಯಿಲ್ ತೂತು ಬಿದ್ದಿತ್ತಂತ. ಅವನು ಅದಕ್ಕ ಹೋಗೂ ಎರಡು ಪೈಪು ಒಂದಕ್ಕೊಂದು ಕೂಡಿಸಿ, ಕಾಯಿಲ್ ಅಲ್ಲೇ ಸಾಯಾಕ ಬಿಟ್ಟಿದ್ದ. ಇಲ್ಲೆ ಎಲ್ಲಾರೂ ಹಂಗ ಮಾಡ್ತಾರಂತ.

"ಈಗ ಹೊಸಾದು ಹಾಕು" ಅಂದೆ.

"ಡ್ಯಾಶ್‌ಬೋರ್ಡ್ ಪೂರಾ ಇಳಸಬೇಕ್ರಿ. ಮತ್ತ ಕೂಡಿಸಿದ ಮ್ಯಾಲ ಎಲ್ಲೋ ಕಿಟಿಕಿಟಿ ಅಂದರ ನೀವ ಬಂದು ನನ್ನ ಕುತ್ತಿಗಿ ಹಿಡೀತೀರಿ. ನಿಮ್ಮ ಆ ಧ್ವನಿ ನನ್ನ ಗ್ಯಾರೇಜಿನ್ಯಾಗ ಬ್ಯಾಡ್ರಿ" ಅಂತ ಕೈಮುಗದ.

ಹಂಗಾರ ನಾನ ಬಿಚ್ಚತೇನಿ. ಜೀವನಪೂರ್ತಿ ನಾಟಕದ ಪರದೆ ಕಟ್ಟಿ, ಅರಮನಿ ಎಬ್ಬಿಸಿ, ಬೆಳಕು ಹರಿಯೂದರಾಗ ಕಿತ್ತು ಲಾರಿಗೆ ಹೇರಿದ ಕೈ ಇವು. ನೀ ಹಿರೇಕೆರೂರಿನ್ಯಾಗ ಐ.ಟಿ.ಐ. ಹುಡುಗರಿಗೆ ಇದನ್ನ ಕಲಸಾಕಿ. ಹೆಂಗ ಮಾಡೂದು ಬರಿ.

ಇಂತಿ,
ಕರಿಬಸಪ್ಪ


ಹಂಸಭಾವಿ
23 ನವೆಂಬರ್ 2024

ಅಪ್ಪಾರಿಗೆ,

ಕಾಗದ ಮುಟ್ಟಿತು.

ಅವ್ವ ಹೆಂಗದಾಳ ಅಂತ ಕೇಳೂದಿಲ್ಲ. ದಿನಾ ಮಧ್ಯಾಹ್ನ ಅಕಿಗೆ ಫೋನ್ ಮಾಡ್ತೇನಿ. ಫೋನ್ ಬಂದ ಕೂಡಲೆ ನೀವು ಎದ್ದು ಹೊರಗ ಹೋಗ್ತೀರಂತ. ಕಾರಿನ್ಯಾಗ ಇದ್ದರ ಗಾಡಿ ಬಾಜೂಕ ಹಾಕಿ ಇಳದು, ನಮ್ಮ ಮಾತು ಮುಗಿಯೂತನಕ ಗಿಡದ ಬುಡಕ ನಿಂದರತೀರಂತ. ಅವ್ವ ನಕ್ಕೊಂತ ಹೇಳ್ತಾಳ. ನಾನೂ ನಗತೇನಿ. ನಗೂದು ಬಿಟ್ಟು ಬ್ಯಾರೆ ಏನು ಮಾಡಬೇಕು ಗೊತ್ತಿಲ್ಲ.

ಕೆಲಸಾ ಹೇಳ್ತೇನಿ. ಹೀಟರ್ ಕಾಯಿಲ್ ಅಂದರ ಒಂದು ಸಣ್ಣ ರೇಡಿಯೇಟರ್. ಎಂಜಿನ್ನಿನ ಬಿಸಿನೀರು ಅದರೊಳಗ ಹಾದು ಹೋಗತೈತಿ, ಫ್ಯಾನು ಆ ಕಾವನ್ನ ಒಳಗ ಊದತೈತಿ. ಅಷ್ಟ.

ಎಂಜಿನ್ ಪೂರಾ ತಣ್ಣಗಾದ ಮ್ಯಾಲ ಕೈ ಹಚ್ರಿ. ಬ್ಯಾಟರಿ ವಾಯರ್ ಬಿಚ್ರಿ. ಕೆಳಗ ಬೋಗಾಣಿ ಇಟ್ಟು ರೇಡಿಯೇಟರಿನ ನೀರು ಇಳಿಸ್ರಿ. ಆಮ್ಯಾಲ ಸಾಮಾನು ಇಡೂ ಡಬ್ಬಿ, ಗೇರಿನ ಸುತ್ತಲಿನ ಪ್ಲಾಸ್ಟಿಕ್, ಸ್ಟೇರಿಂಗ್ ಕೆಳಗಿನ ಮುಚ್ಚಳ ತಗೀರಿ. ಒಂದೊಂದು ಜಾಗಾದ ಸ್ಕ್ರೂ ಒಂದೊಂದು ವಾಟಗದಾಗ ಇಡ್ರಿ. ಎಲ್ಲಾ ಕೂಡಿಸಿ ಒಂದ ಡಬ್ಬಿಗೆ ಸುರೀಬ್ಯಾಡ್ರಿ. ನೀವು ಸುರೀತೀರಿ, ನನಗ ಗೊತ್ತೈತಿ.

ಕಾಯಿಲ್ ಹಾವೇರಿಯಾಗ ಸಿಗಲಿಲ್ಲ. ಲೋಹಿತ ಹುಬ್ಬಳ್ಳಿಯಿಂದ ತರಸ್ತಾನ. ಲೋಹಿತ ಅಂದರ ನನ್ನ ಗಂಡ. ನಿಮ್ಮ ಕಾಗದದಾಗ ಹೆಸರು ಬಂದಿರಲಿಲ್ಲ, ಅದಕ್ಕ ಬರದೆ.

ಇಂತಿ,
ಅಂಕಿತಾ


ಹಾನಗಲ್ಲ
2 ಡಿಸೆಂಬರ್ 2024

ಅಂಕಿತಾಗ,

ಯುದ್ಧ ಆರಂಭ!

ಬೇವಿನ ಗಿಡದ ಕೆಳಗ ಕಾರು ನಿಲ್ಲಿಸಿ, ಮ್ಯಾಲ ದರ್ಬಾರಿನ ಹಳೇ ಪರದೆ ಕಟ್ಟೇನಿ. ಕಾರಿಗೆ ಸಿಂಹಾಸನದ ಹಿಂದಿನ ಕಂಬಗೋಳು ಬಂದಾವು. ಓಣಿಯವರು ಹಾದು ಹೋಗುವಾಗ "ಯಾವ ನಾಟಕ ಐತ್ರಿ ಇವತ್ತು?" ಅಂತಾರ.

ಸ್ಕ್ರೂ ವಾಟಗದಾಗ ಇಟ್ಟೇನಿ. ಮೊದಲನೇ ದಿವಸ ಒಂದ ಡಬ್ಬಿಗೆ ಸುರಿದಿದ್ದೆ, ಅದನ್ನ ನಿಮ್ಮವ್ವ ಫೋನಿನ್ಯಾಗ ಹೇಳೇ ಇರತಾಳ.

ಸಾಮಾನಿನ ಡಬ್ಬಿ ಕಿತ್ತರ ಹಿಂದ ಏನಿತ್ತು ಹೇಳು? ಸವಣೂರ ಖಾರಾ ಶೇವು! ಎಷ್ಟು ವರ್ಷದ್ದೋ ಏನೋ, ಸಂದಿಯಾಗ ಉದರಿ, ಕಲ್ಲಾಗಿ ಕುಂತಿತ್ತು. ನಿಮ್ಮವ್ವ ಕುರ್ಚಿ ಹಾಕ್ಕೊಂಡು ನೋಡಾಕತ್ತಿದ್ದಳು. "ಇತ್ಲಾಗ ತರ್ರಿ, ವಾಸನಿಯರ ನೋಡ್ತೇನಿ. ಉಪ್ಪು ತಿನಬ್ಯಾಡ ಅಂದಾರ, ಮೂಸಬ್ಯಾಡ ಅಂದಿಲ್ಲ ಡಾಕ್ಟರು" ಅಂದಳು. ಕೊಟ್ಟೆ. ಮೂಸಿ, "ಮಣ್ಣಿನ ವಾಸನಿ ಬರತೈತಿ" ಅಂತ ತಿರುಗಿ ಕೊಟ್ಟಳು. ಇಬ್ಬರೂ ನಕ್ಕಿವಿ. ನಗು ಮುಖದ ಮ್ಯಾಲ ಬಂತು, ಒಳಗ ಎಲ್ಲೂ ಮುಟ್ಟಲಿಲ್ಲ. ರಂಗದ ಮ್ಯಾಲ ಅಳೂ ಪಾತ್ರ ಮಾಡುವಾಗ ನನಗ ಖರೇನ ಕಣ್ಣೀರು ಬರತಿತ್ತು. ಈಗ ಖರೇದ್ದಕ್ಕೂ ಬರವಲ್ಲದು. ಇರಲಿ, ಅದು ಈ ಕೆಲಸಕ್ಕ ಸಂಬಂಧ ಇಲ್ಲ.

ಡ್ಯಾಶ್‌ಬೋರ್ಡಿನ ಬೋಲ್ಟು ಎಲ್ಲೆಲ್ಲಿ ಅದಾವು?

ಇಂತಿ,
ಕರಿಬಸಪ್ಪ


ಹಂಸಭಾವಿ
7 ಡಿಸೆಂಬರ್ 2024

ಅಪ್ಪಾರಿಗೆ,

ಎರಡೂ ಬಾಗಲದ ಕಡೆ ಮೂಲಿಯೊಳಗ, ನಡುವ ಗೇರಿನ ಹತ್ತಿರ, ಮುಂದಿನ ಗಾಜಿನ ಬುಡಕ. ಗಾಜಿನ ಬುಡದವು ಕಣ್ಣಿಗೆ ಕಾಣೂದಿಲ್ಲ, ಬೆರಳಿಂದ ಹುಡಕಬೇಕು. ಬೋಲ್ಟ್ ಬಿಚ್ಚಿದ ಮ್ಯಾಲೂ ಬರಲಿಲ್ಲ ಅಂದರ ಜಗ್ಗಬ್ಯಾಡ್ರಿ. ಬರಲಿಲ್ಲ ಅಂದರ ಇನ್ನೊಂದು ಬೋಲ್ಟ್ ಉಳದೈತಿ ಅಂತ ಅರ್ಥ.

ಕಾಯಿಲ್ ಹಿರೇಕೆರೂರ ಬಸ್ಸಿಗೆ ಹಾಕೇನಿ. ಕಂಡಕ್ಟರ್ ಫಕ್ಕೀರಪ್ಪ ಅಂತ. ಹೊಸಾ ಕ್ಲಿಪ್, ರಬ್ಬರ್ ರಿಂಗು ಒಳಗ ಅದಾವು.

ಇಂತಿ,
ಅಂಕಿತಾ


ಹಾನಗಲ್ಲ
17 ಡಿಸೆಂಬರ್ 2024

ಅಂಕಿತಾಗ,

ಜಗ್ಗಿದೆ.

ಬರಿಯಾಕ ಬ್ಯಾರೆ ಏನೂ ಇಲ್ಲ. ಎಲ್ಲಾ ಬೋಲ್ಟ್ ಬಿಚ್ಚೇನಿ ಅಂದಕೊಂಡು ಜಗ್ಗಿದೆ. ಎಡಕಿನ ಪ್ಲಾಸ್ಟಿಕ್ ಕಿವಿ ಒಂದು ಮುರೀತು. ಡ್ಯಾಶ್‌ಬೋರ್ಡ್ ಅರ್ಧಾ ಕೆಳಗ, ಅರ್ಧಾ ಮ್ಯಾಲ ಜೋತಾಡಾಕತ್ತೈತಿ. ಒಬ್ಬಾಂವ ಹಿಡದರ ಇನ್ನೊಂದು ಮಗ್ಗಲಾ ಬೀಳತೈತಿ. ವಾಯರು ಕರಳು ಹೊರಗ ಬಿದ್ದಂಗ ಬಿದ್ದಾವು.

ಹುಬ್ಬಳ್ಳಿಗೆ ಬಾಡಿಗಿ ಜೀಪಿನ್ಯಾಗ ಹೋಗಿ ಬರಾಕತ್ತೇವಿ. ಅದಕ್ಕ ಬಾಗಲದ ಸಂದಿ ದೊಡ್ಡವು. ನಿನ್ನೆ ಬರುವಾಗ ನಿಮ್ಮವ್ವನ ತುಟಿ ನೀಲಿ ಆಗಿದ್ದವು. "ಕಾರು ಬಿಚ್ಚಿಟ್ಟು ನನಗ ಇನ್ನೂ ಥಂಡಿ ಹಚ್ಚಿದ್ರಿ, ಶಾಣ್ಯಾ ಅದೀರಿ" ಅಂದಳು. ಸಿಟ್ಟಿಲೆ ಅನ್ನಲಿಲ್ಲ. ಸಿಟ್ಟಿಲೆ ಅಂದಿದ್ದರ ಛಲೋ ಇತ್ತು.

ಬರೂ ಆಯ್ತವಾರ ನಾನು ಮನ್ಯಾಗ ಇರೂದಿಲ್ಲ. ಸವಣೂರಿಗೆ ಪರದೆ ಒಯ್ಯೂದೈತಿ. ಕಾರು ಗಿಡದ ಕೆಳಗ ಇರತೈತಿ. ಪಾನಾ, ಸ್ಕ್ರೂಡ್ರೈವರ್ ಎಲ್ಲಾ ಕಟ್ಟಿ ಮ್ಯಾಲ ಇರತಾವು. ನಾನಿಲ್ಲದಾಗ ಯಾರು ಬಂದರು, ಯಾರು ಹೋದರು, ಅದು ನನ್ನ ಕಣ್ಣಿಗೆ ಬೀಳೂ ಮಾತಲ್ಲ.

ಇಂತಿ,
ಕರಿಬಸಪ್ಪ


ಹಂಸಭಾವಿ
24 ಡಿಸೆಂಬರ್ 2024

ಅಪ್ಪಾರಿಗೆ,

ನೀವು ಸವಣೂರಿಗೆ ಹೋಗಿರಲಿಲ್ಲ.

ಪಡಸಾಲ್ಯಾಗ ಇಳಿಬಿಟ್ಟಿದ್ದ ಅಡವಿ ಪರದೆ ಕೆಳಗ ನಿಮ್ಮ ಕಾಲು ಕಾಣತಿದ್ದವು. ಹುಲಿ ಚಿತ್ರದ ಕೆಳಗ ಎರಡು ಮನಷ್ಯಾರ ಪಾದ. ಅವ್ವ ನನಗ ಕಣ್ಣು ಹೊಡದಳು. ನಾ ಪಾನಾ ತಗೊಂಡು ಕಾರಿನ ಕಡೆ ಹೋದೆ.

ಲೋಹಿತನ ಕರದಿದ್ದೆ. "ಕರೀದ ಮನಿಗೆ ನಾ ಬರೂದಿಲ್ಲ. ಕಾಯಿಲ್ ಬೇಕಂದ್ರ ಹತ್ತು ತಂದು ಕೊಡ್ತೇನಿ" ಅಂದ. ಅವನದು ತಪ್ಪಲ್ಲ.

ಉಳಿದಿದ್ದ ಬೋಲ್ಟ್ ಸ್ಟೇರಿಂಗ್ ಹಿಂದ ಇತ್ತು. ಬಿಚ್ಚಿದ ಮ್ಯಾಲ ಡ್ಯಾಶ್‌ಬೋರ್ಡ್ ನನ್ನೊಬ್ಬಾಕಿ ಕೈಲೆ ಎತ್ತಾಕ ಆಗಲಿಲ್ಲ. "ಅವ್ವಾ, ಆ ಕಡೆ ಯಾರರ ಹಿಡದಿದ್ದರ ಛಲೋ ಇತ್ತು" ಅಂತ ಅವ್ವಗ ಹೇಳಿದೆ. ಅವ್ವ ಪರದೆ ಕಡೆ ಹೊಳ್ಳಿ, "ಅಡವ್ಯಾಗ ಯಾರರ ಇದ್ದೀರೇನ್ರಿ? ಸ್ವಲ್ಪ ಬರ್ರಿ" ಅಂದಳು.

ನೀವು ಬಂದಿರಿ. ಆ ಮಗ್ಗಲಾ ಹಿಡದಿರಿ. ಆಮ್ಯಾಲ ಹೊತ್ತು ಮುಳುಗೂತನಕ ನನ್ನ ಎದುರಿಗೇ ಇದ್ದಿರಿ. ನಾ ಕೈ ಚಾಚಿದಾಗ ಬೇಕಾದ ಪಾನಾನ ಕೊಟ್ಟಿರಿ. "ಏನ್ ಚಂದ ಮೂಕಿ ನಾಟಕ" ಅಂತ ಅವ್ವ ಚಪ್ಪಾಳಿ ಹೊಡದಳು.

ನಿಮ್ಮನ್ನ ಎದುರಿಗೆ ನೋಡಿದರ ಸಿಟ್ಟು ಬರತೈತಿ, ಇಲ್ಲಾ ಅಳು ಬರತೈತಿ ಅಂದಕೊಂಡು ಬಂದಿದ್ದೆ. ಏನೂ ಬರಲಿಲ್ಲ. ಬೋಲ್ಟ್ ಬಿಗಿ ಮಾಡಿದೆ.

ಹಳೇ ಕಾಯಿಲ್ ಇಲ್ಲಿ ತಂದು ಕೊಯ್ದು ನೋಡಿದಿವಿ. ಒಳಗ ಬೂದಿ ಬಣ್ಣದ ರಾಡಿ, ಜಿಡ್ಡು. ನಳಿಗಿ ಎಲ್ಲಾ ಕಟಗೊಂಡು, ತಿಂದು ತೂತು ಬಿದ್ದಾವು. ಏನಿದು ಅಂತ ಲೋಹಿತ ಕೇಳಿದ. ನನಗ ಗೊತ್ತಿತ್ತು. ಪ್ರತಿ ಮಾನೌಮಿಗೆ, ಪ್ರತಿ ಅಮಾಸಿಗೆ ಕಾರ್ ಪೂಜಾ ಮಾಡಿ, ಹಾಲಿನ ಅಭಿಷೇಕದ ತೀರ್ಥಾನ ವಿಭೂತಿ ಸಮೇತ ರೇಡಿಯೇಟರಿಗೆ ಹಾಕತಿದ್ದಿರಲ್ಲ, ಅದು. ಹೊಸಾದಕ್ಕ ಹಾಕಬ್ಯಾಡ್ರಿ. ನಾ ತುಂಬಿದ ಹಸರು ಕೂಲಂಟ್ ಬಿಟ್ಟು ಒಂದು ಹನಿ ಬ್ಯಾರೆ ಬ್ಯಾಡ.

ಇಂತಿ,
ಅಂಕಿತಾ


ಹಾನಗಲ್ಲ
16 ಜನವರಿ 2025

ಅಂಕಿತಾಗ,

ದೇವರ ನೆತ್ತಿ ಮ್ಯಾಲಿಂದ ಇಳದ ತೀರ್ಥ ಎಂಜಿನ್ನಿಗೆ ವಿಷ ಆಗತೈತಂತ! ಇಂಥಾ ಮಾತು ಕೇಳಾಕ ನಾ ಬದಕಬೇಕಾತಲ್ಲ! ಸಂಕ್ರಾಂತಿ ದಿವಸ ತಂಬಗಿ ಹಿಡಕೊಂಡು ಬಾನೆಟ್ ತನಕ ಹೋಗಿದ್ದೆ. ನಿಮ್ಮವ್ವ ನಡುವ ಬಂದು ನಿಂತಳು. "ಹಾಕೂದಿದ್ದರ ನನ್ನ ತಲಿ ಮ್ಯಾಲ ಹಾಕ್ರಿ. ನನ್ನ ಬಿಸಿಗಾಳಿಗೆ ಹಾಕಬ್ಯಾಡ್ರಿ" ಅಂದಳು. ಟೈರಿಗೆ ಚಿಮುಕಿಸಿ ಬಂದೆ. ಟೈರಿಗೆ ನಡೀತೈತಿಲ್ಲೋ ಬರಿ.

ಗಾಳಿ ಬರತೈತಿ. ನೀ ಕೇಳಿಲ್ಲ, ನಾ ಹೇಳ್ತೇನಿ. ಊರ ದಾಟೂದರಾಗ ಬಿಸಿ ಆಗತೈತಿ. ಮೊದಲ ಸಲ ಹಚ್ಚಿದಾಗ ನಿಮ್ಮವ್ವ ಚಪ್ಪಲಿ ಬಿಟ್ಟು ಎರಡೂ ಪಾದ ಜಾಳಿಗಿಗೆ ಹಿಡದಳು, ಒಲಿ ಮುಂದ ಕುಂತಂಗ. "ಹಂಸಭಾವಿ ಗಾಳಿ ಬರಾಕತ್ತೈತಿ" ಅಂದಳು. ಡ್ಯಾಶ್‌ಬೋರ್ಡಿನ ಎಡಕ ಕಿಟಿಕಿಟಿ ಅಂತೈತಿ. ಮುರದ ಕಿವಿ ಅದು. ನಾಸೀರಗ ಹೇಳಿಲ್ಲ.

ಇನ್ನೊಂದು. ನಿಮ್ಮವ್ವ ಹೊಸಾ ಹಟಾ ಹಿಡದಾಳ. "ಈ ಕಾರು ಹುಬ್ಬಳ್ಳಿ ದಾರಿ ಒಂದ ಕಲತೈತೇನ್ರಿ? ಹಂಸಭಾವಿಗೆ ಕರಕೊಂಡು ಹೋಗ್ರಿ. ಮಗಳ ಮನಿ ನೋಡಬೇಕು. ನಿಮ್ಮ ಕಾಲು ಹೊಸ್ತಿಲಾ ತುಳಿಯೂದು ಬ್ಯಾಡ, ನನ್ನ ಕಾಲು ಯಾರಿಗೂ ಆಣೆ ಕೊಟ್ಟಿಲ್ಲ" ಅಂತಾಳ. ಶಿವರಾತ್ರಿ ಆಗಲಿ, ಬಿಸಲು ಬೀಳಲಿ ಅಂದೇನಿ. ಆಮ್ಯಾಲ ನೋಡೂಣು.

ಇಂತಿ,
ಕರಿಬಸಪ್ಪ


ಹಂಸಭಾವಿ
21 ಜನವರಿ 2025

ಅಪ್ಪಾರಿಗೆ,

ಟೈರಿಗೆ ನಡೀತೈತಿ.

ಲೋಹಿತಗ ಹೇಳಿದೆ. ಸಂಜಿಕ, "ನಿಮ್ಮಪ್ಪ ಹೊಸ್ತಿಲಾ ದಾಟೂದಿಲ್ಲ ಅಂದರ ಹುಣಸಿ ಗಿಡದ ಕೆಳಗ ಕುರ್ಚಿ ಹಾಕ್ತೇನಿ. ಅಲ್ಲಿ ಹೊಸ್ತಿಲಾ ಇಲ್ಲ. ಚಾ ಕುಡೀತಾರೋ ಇಲ್ಲೋ ಅವರಿಗೆ ಬಿಟ್ಟಿದ್ದು. ಅವ್ವಾರಿಗೆ ಉಪ್ಪಿಲ್ಲದ ಅಡಗಿ ನಾ ಮಾಡ್ತೇನಿ" ಅಂದ. ಅವನು ಅಷ್ಟು ಮಾತಾಡಿದ್ದ ದೊಡ್ಡದು.

ಶಿವರಾತ್ರಿ ತನಕ ಯಾಕ ಅಂತ ನಾ ಕೇಳೂದಿಲ್ಲ.

ಇಂತಿ,
ಅಂಕಿತಾ


ಹಂಸಭಾವಿ
22 ಫೆಬ್ರವರಿ 2025

ಅಪ್ಪಾರಿಗೆ,

ಅವ್ವನ ಮಣ್ಣು ಮಾಡಿ ಬಂದ ಮ್ಯಾಲ ಇದು ಮೊದಲನೇ ಕಾಗದ. ನಾ ದಿನಾ ಕೆಲಸಕ್ಕ ಹೋಗಿ ಬರಾಕತ್ತೇನಿ. ಹುಡುಗರಿಗೆ ಗೇರ್‌ಬಾಕ್ಸ್ ಬಿಚ್ಚಿ ತೋರಿಸಿದೆ. ಮಧ್ಯಾಹ್ನ ಫೋನ್ ಕೈಯಾಗ ತಗೊಂಡು ಇಡ್ತೇನಿ.

ಕುಣಿ ಮುಂದ ನಿಮ್ಮ ಬಾಜೂಕನ ನಿಂತಿದ್ದೆ. ನೀವೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಲೋಹಿತ ಹಿಂದಿಂದ ಬಂದು ಒಂದು ಹಿಡಿ ಮಣ್ಣು ಹಾಕಿದ. ಯಾರೂ ತಡೀಲಿಲ್ಲ. ನೀವು ಅವನ ಕೈ ನೋಡಿದಿರಿ. ನಾ ನಿಮ್ಮನ್ನ ನೋಡಿದೆ.

ಒಂದ ಮಾತು ಕೇಳ್ತೇನಿ. ಅವತ್ತು ಹುಬ್ಬಳ್ಳಿಯಿಂದ ಬರುವಾಗ ಅವ್ವನ ಫೋನ್ ನೀವು ಎತ್ತಿದಿರಿ. ಅವಾಗ ಅವ್ವ ಇದ್ದಳೋ, ಇಲ್ಲೋ?

ನಾವಿಬ್ಬರೂ ಆಡಿದ ಮಾತು ನನಗ ಬಾಯಿಪಾಠ ಆಗೇತಿ. ಆದರೂ ದಾರಿಯೊಳಗ ಏನಾತು, ಮೊದಲಿಂದ ಬರೀರಿ. ಫೋನ್ ಬ್ಯಾಡ. ಬರೀರಿ.

ಇಂತಿ,
ಅಂಕಿತಾ


ಹಾನಗಲ್ಲ
3 ಮಾರ್ಚ್ 2025

ಅಂಕಿತಾ,

ನೀ ಕೇಳಿದ್ದಕ್ಕ ಉತ್ತರ ನನಗ ಗೊತ್ತಿಲ್ಲ. ಆದದ್ದನ್ನ ಆದಂಗ ಬರೀತೇನಿ. ಈ ಕಾಗದಕ್ಕ ಪರದೆ ಇಲ್ಲ.

ದವಾಖಾನಿ ಮೆಟ್ಟಲಾ ಅಕಿ ತಾನ ಇಳದಳು. ಸೀಟಿನ್ಯಾಗ ಕುಂತು ಕಂಬಳಿ ಹೊಚಗೊಂಡಳು. ಹೀಟರ್ ಹಚ್ಚಿದೆ. ಹುಬ್ಬಳ್ಳಿ ದಾಟಿದ ಮ್ಯಾಲ ಟೊಪಗಿ ತಗದಳು. ಸ್ವಲ್ಪ ಮುಂದ ಬಂದ ಮ್ಯಾಲ ಕಂಬಳಿ ಸರಿಸಿ, ಶಾಲು ಎರಡೂ ತಗದು, ಮಡಚಿ ತೊಡಿ ಮ್ಯಾಲ ಇಟಗೊಂಡಳು. "ಸೆಕಿ ಆಗಾಕತ್ತೈತ್ರಿ" ಅಂದಳು. ಆ ಶಬ್ದಾ ಅಕಿ ಬಾಯಿಂದ ಕೇಳಿ ಎಷ್ಟು ವರ್ಷ ಆಗಿತ್ತೋ. ನಾ ಹೀಟರಿನ ಗುಂಡಿ ಒಂದು ಗೆರಿ ಹಿಂದಕ ತಿರುವಿದೆ.

"ಶಿವರಾತ್ರಿ ಯಾವಾಗ್ರಿ?" ಅಂತ ಕೇಳಿದಳು.

"ಇದ ತಿಂಗಳ ಕಡೀಕ."

"ಹಂಗಾದರ ದೂರ ಇಲ್ಲ ಬಿಡ್ರಿ" ಅಂದಳು. ಗಾಜಿಗೆ ತಲಿ ಆನಿಸಿದಳು. ಅಷ್ಟ. ಅದರ ಮುಂದಿನ ಮಾತು ಇಲ್ಲ.

ಶಿಗ್ಗಾಂವಿ ಬಂತು, ಹೋತು. ನಾ ಯಾವದೋ ಹಳೇ ಪಾತ್ರದ ಮಾತು ಚಾಲೂ ಮಾಡಿದ್ದೆ. ಅಕಿ ನಗಲಿಲ್ಲ. ನೋಡಿದೆ, ಕಣ್ಣು ಮುಚ್ಚಿದ್ದವು. ಹಲ್ಲು ಕಟಕಟ ಅನ್ನವಲ್ಲವು. ಬಾಯಿಗೆ ಸೆರಗಿಲ್ಲ. ನಿದ್ದಿ ಹತ್ತೈತಿ ಅಂತ ನಾ ಬಾಯಿ ಮುಚ್ಚಿಕೊಂಡೆ. ಗೇರ್ ಬದಲಿಸುವಾಗ ಅಕಿ ಕೈ ಮುಟ್ಟಿ ನೋಡಿದೆ. ಬೆಚ್ಚಗಿತ್ತು, ಅಂಕಿತಾ. ಅಂಗೈಯಿಂದ ಬೆರಳ ತುದಿತನಕ ಬೆಚ್ಚಗಿತ್ತು. ಆ ಬಿಸಿ ಅಕಿದೋ, ನೀ ಕೂಡಿಸಿದ ಹೀಟರಿಂದೋ, ಅದನ್ನ ನಾ ಇವತ್ತಿಗೂ ಹೇಳಲಾರೆ.

ಆಮ್ಯಾಲ ಅಕಿ ತೊಡಿ ಮ್ಯಾಲ ಫೋನ್ ರಿಂಗಾತು. ನಿನ್ನ ಹೆಸರು ಬಂತು. ಗಾಡಿ ಬಾಜೂಕ ಹಾಕಿ ಇಳೀಬೇಕಿತ್ತು. ಬಾಗಲದ ಸಪ್ಪಳಕ್ಕ ಎಚ್ಚರ ಆದೀತು ಅನಿಸ್ತು. ಹಂಗ ಬಿಟ್ಟರ ಫೋನಿನ ಸಪ್ಪಳಕ್ಕ ಎಚ್ಚರ ಆದೀತು ಅನಿಸ್ತು. ಎತ್ತಿದೆ. ನನಗ ಸಣ್ಣ ಧ್ವನಿಲೆ ಮಾತಾಡಾಕ ಬರೂದಿಲ್ಲಂತ ನಿಮ್ಮವ್ವ ಯಾವಾಗಲೂ ಅಂತಿದ್ದಳು. ಅವತ್ತು ಬಂತು.

"ಸಾವಕಾಶ. ಅವ್ವ ಮಲಗ್ಯಾಳ."

ಆಮ್ಯಾಲ "ಅಪ್ಪಾ?" ಅಂದಿ.

"ಹೂಂ."

"ಥಂಡಿ ಅಂದಳೇನು?"

"ಇಲ್ಲವಾ. ಇವತ್ತು ಒಮ್ಮಿನೂ ಅನ್ನಲಿಲ್ಲ. ಕೈ ಬೆಚ್ಚಗದಾವು, ಈಗರ ಮುಟ್ಟಿ ನೋಡೇನಿ."

"ಹಂಗಾದರ ಎಬ್ಬಸಬ್ಯಾಡ್ರಿ" ಅಂದಿ ನೀನು.

ಇಲ್ಲ ಅಂದೆ. ಮನಿ ಮುಟ್ಟೂತನಕ ಎಬ್ಬಸಲಿಲ್ಲ.

ಇಂತಿ,
ಅಪ್ಪ